ಅಳಿಸಿದ ಮೂರು ಪತ್ರಗಳು

ಫೆಲಿಕ್ಸನ ಅಣ್ಣ ಅವನಿಗೆ ಮೂರು ಪತ್ರ ಬರೆದಿದ್ದರು. ಮೂರನ್ನೂ ನಾನು ಅಳಿಸಿಹಾಕಿದೆ. ಹದಿಮೂರು ವರ್ಷಗಳಿಂದ ಇದನ್ನು ಯಾರಿಗೂ ಹೇಳಿಲ್ಲ — ಅವನಿಗೂ.

ನಾವಿಬ್ಬರೂ ಮುಳ್ಳೇರಿಯದ ಹತ್ತಿರದ ಒಂದು ಶಾಲೆಯಲ್ಲಿ ಮೇಷ್ಟ್ರುಗಳಾಗಿದ್ದೆವು. ನಲವತ್ತು ತುಂಬುವ ಮೊದಲೇ ಫೆಲಿಕ್ಸನ ಕಣ್ಣು ಪೂರ್ತಿ ಹೋಯಿತು. 2006ರಲ್ಲಿ ಬೆಳ್ಳೂರಿನ ಅವನ ಮನೆಯ ಹಳೆಯ ಕಂಪ್ಯೂಟರಿಗೆ ನಾನು ಲಿನಕ್ಸ್ ಹಾಕಿಕೊಟ್ಟೆ. ಚಿತ್ರಗಳಿಲ್ಲದ, ಬರೀ ಅಕ್ಷರಗಳ ಕಪ್ಪು ಪರದೆ; ಅದರಲ್ಲಿ ಮೂಡಿದ್ದನ್ನು ಯಂತ್ರ ಗಟ್ಟಿಯಾಗಿ ಓದುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಇಮೇಲ್ ಒಂದೇ. ತಾಯಿಯ ಮಣ್ಣಿಗೆ ಕುವೈತಿನಿಂದ ಬಾರದ ಅಣ್ಣ ಲಾರೆನ್ಸರಿಗೆ, "ನೀನು ನನ್ನ ಅಣ್ಣನೇ ಅಲ್ಲ" ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದ. ಐದು ವರ್ಷ ಇಬ್ಬರಿಗೂ ಮಾತಿರಲಿಲ್ಲ. ಈಗ ಕ್ಷಮೆ ಕೇಳಿ ಬರೆಯಬೇಕಿತ್ತು.

ಅಂಥ ಪರದೆಗೆ ಹೊಂದುವ ಎರಡು ಮೇಲ್ ಪ್ರೋಗ್ರಾಂಗಳನ್ನು ಅವನಿಗೆ ತೋರಿಸಿದೆ. ಒಂದರಲ್ಲಿ ಯಾವ ಕೀ ಒತ್ತಿದರೆ ಏನಾಗುತ್ತದೆ ಎಂಬುದು ಪರದೆಯ ಅಡಿಯಲ್ಲೇ ಇರುತ್ತಿತ್ತು. ಇನ್ನೊಂದು ಚುರುಕು, ಆದರೆ ಎಲ್ಲವನ್ನೂ ನಾವೇ ನಿಯಮ ಬರೆದು ಹೊಂದಿಸಬೇಕು.

"ಮೊದಲಿನದ್ದೇ ಸಾಕು ಮಾರಾಯ. ನೀನು ಇಲ್ಲದಾಗಲೂ ಎಂತ ಉಂಟು ಅಂತ ನನಗೆ ಗೊತ್ತಾಗಬೇಕಲ್ಲ," ಎಂದ.

"ಅದು ಮಕ್ಕಳಿಗೆ. ಇದನ್ನು ನಾನು ಸರಿ ಮಾಡಿ ಕೊಡ್ತೇನೆ," ಎಂದೆ.

ಸುತ್ತಮುತ್ತ ಅದನ್ನು ಬಲ್ಲವನು ನಾನೊಬ್ಬನೇ ಎಂಬ ಜಂಬ — ಅವನಿಗೆ ಯಾವುದು ಸುಲಭ ಎಂದು ನಾನು ಯೋಚಿಸಲೇ ಇಲ್ಲ. ಕಸದ ಮೇಲ್‌ಗಳ ಕಾಟ ಬೇಡವೆಂದು ಒಂದು ನಿಯಮವನ್ನೂ ಬರೆದೆ: ಪರಿಚಯವಿಲ್ಲದ ವಿಳಾಸದಿಂದ ಬಂದದ್ದೆಲ್ಲ ಬೇರೆ ಫೋಲ್ಡರಿಗೆ ಹೋಗಲಿ. ಹಾಗೊಂದು ಫೋಲ್ಡರ್ ಇದೆಯೆಂದು ಅವನಿಗೆ ಹೇಳಲಿಲ್ಲ.

ಪತ್ರ ಹೋಯಿತು. ಫೆಲಿಕ್ಸ್ ದಿನಾ ಸಂಜೆ ಕಿವಿಗೊಟ್ಟು ಕೂರುತ್ತಿದ್ದ. ಹೊಸದೇನೂ ಬಂದಿಲ್ಲವೆಂದು ಯಂತ್ರ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಮೂರನೇ ವಾರ ಕೇಳಿದ — "ಬೇರೆ ಎಲ್ಲಿಯಾದರೂ ಬಿದ್ದಿರಬಹುದಾ? ಒಮ್ಮೆ ನೋಡ್ತೀಯಾ?"

"ಬಂದಿದ್ರೆ ಗೊತ್ತಾಗ್ತಿತ್ತು. ನಾನೇ ಮಾಡಿಕೊಟ್ಟದ್ದಲ್ವಾ," ಎಂದೆ.

ನೋಡಲಿಲ್ಲ.

ಮರುವಾರ ಕುವೈತಿನಿಂದ ಫೋನ್ ಬಂತು. ಲಾರೆನ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಮನೆ ತುಂಬ ಜನರಿದ್ದಾಗ ನಾನೊಬ್ಬನೇ ಒಳಕೋಣೆಗೆ ಹೋಗಿ ಆ ಫೋಲ್ಡರ್ ತೆರೆದೆ. ಆಸ್ಪತ್ರೆಯಲ್ಲಿ ಜೊತೆಗಿದ್ದ ಗೆಳೆಯನೊಬ್ಬನ ವಿಳಾಸದಿಂದ ಅವರು ಕಳಿಸಿದ್ದ ಮೂರು ಪತ್ರ — ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕೊಂಕಣಿ. ನನಗೆ ಬರುವ ಅಷ್ಟಿಷ್ಟು ಕೊಂಕಣಿಯೇ ಸಾಕಾಯಿತು. ಕೋಪ ಎಂದೋ ಹೋಗಿದೆ, ಕಾಯಿಲೆ ಜೋರಾಗಿದೆ, ಅಂದು ನೀನು ಆಡಿದ ಮಾತಿನ ನಂತರ ಫೋನ್ ಮಾಡಲು ನನಗೇ ಧೈರ್ಯವಿಲ್ಲ, ನೀನೇ ಮಾಡು... ಕೊನೆಯದರಲ್ಲಿ ಒಂದೇ ಸಾಲು — "ಫೆಲಿಕ್ಸ್, ಜಾಪ್ ದಿ." ಉತ್ತರ ಕೊಡು.

ಹೊರಗೆ ಅವನು ಯಾರಿಗೋ ಹೇಳುತ್ತಿದ್ದ — "ಅವ ನನ್ನನ್ನು ಕ್ಷಮಿಸದೇ ಹೋದ."

ಆಗಲೇ ಹೊರಗೆ ಹೋಗಿ ಅವನ ಕೈ ಹಿಡಿದು ಹೇಳಬೇಕಿತ್ತು. ನಾನು ಮೂರನ್ನೂ ಅಳಿಸಿದೆ. ಅವನ ನೋವು ಹೆಚ್ಚಬಾರದೆಂದು ಹಾಗೆ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಮರ್ಯಾದೆ ಉಳಿಯಬೇಕಿತ್ತು, ಅಷ್ಟೇ.

ಪ್ರತಿ ನವೆಂಬರಿನಲ್ಲಿ ಅಣ್ಣನ ಹೆಸರಿನ ಪೂಜೆಗೆ ಅವನನ್ನು ಇಗರ್ಜಿಗೆ ಕರೆದೊಯ್ಯುವವನು ನಾನೇ. ಈ ವರ್ಷ ಹಿಂದಿರುಗುವಾಗ ಕೇಳಿದ — "ಈಗಲಾದರೂ ಅವನ ಕೋಪ ಇಳಿದಿರಬಹುದಾ?"

ಆ ಪತ್ರಗಳಲ್ಲಿ ನೆನಪಿರುವಷ್ಟನ್ನು ಇಂದು ಕಾಗದದಲ್ಲಿ ಬರೆದಿದ್ದೇನೆ. ಅರ್ಧ ಪುಟವೂ ಆಗಿಲ್ಲ. ನಾಳೆ ಬೆಳಿಗ್ಗೆ ಅವನ ಮುಂದೆ ಕೂತು ಓದುತ್ತೇನೆ. ಆಮೇಲೆ ಅವನು ಏನು ಹೇಳುತ್ತಾನೋ — ಅದನ್ನು ಕೇಳಿಸಿಕೊಳ್ಳುತ್ತೇನೆ.