ತಪಕೀರಲ್ಲದ ಕಪ್ಪು

ನೇಸರಗಿಯ ಸಿದ್ದಲಿಂಗವ್ವ ಸಂತೆಯಲ್ಲಿ ಮೆಣಸಿನಕಾಯಿ ಮಾರಿ ಮಕ್ಕಳನ್ನು ಸಾಕಿದ ಗಟ್ಟಿಗಿತ್ತಿ. ಅವಳಿಗಿದ್ದ ಚಟ ಒಂದೇ, ತಪಕೀರು. ಆ ತಂಬಾಕಿನ ಪುಡಿಯನ್ನು ಮೂಗಿಗೇರಿಸಿ, ಸೀನಿ, ಸೆರಗಿಗೆ ಒರೆಸಿಕೊಳ್ಳುವಳು. ಥೂ! ಆ ಕರೀ ಸಿಂಬಳದ ಸೀರೆಯನ್ನು ಸೊಸೆ ಅನ್ನಪೂರ್ಣಾ ಕೋಲಿನಿಂದ ಎತ್ತಿ ಒಗೆಯಲು ಹಾಕುತ್ತಿದ್ದಳು. ಅತ್ತೆಯ ಮುಖವನ್ನು ಅವಳು ನೆಟ್ಟಗೆ ನೋಡಿದ್ದೇ ಕಡಿಮೆ.

ಈ ಬೇಸಿಗೆಯಲ್ಲಿ ಮುದುಕಿಯ ಮೊಣಕಾಲು ಹಿಡಿದುಕೊಂಡವು. ಮೊದಲೇ ಸಕ್ಕರೆ ಕಾಯಿಲೆ. ಸಾಲದ್ದಕ್ಕೆ ಯಾರೋ ಹೇಳಿದರೆಂದು ಹೋಗಿ ನೋವಿಗೆ ಸ್ಟೆರಾಯ್ಡ್ ಸೂಜಿಯ ಮೇಲೆ ಸೂಜಿ ಚುಚ್ಚಿಸಿಕೊಂಡಳು. ನೋವು ಇಳಿಯಿತು, ಸಕ್ಕರೆ ಏರಿತು. ಆಮೇಲೆ ತಲೆನೋವು, ಕೆನ್ನೆಯ ಬಾವು. ಮೂಗಿನಿಂದ ಕಪ್ಪು ಹಕ್ಕಳೆ ಬೀಳತೊಡಗಿತು. ಬಾಯಿ ತೆರೆದರೆ ಸತ್ತ ಇಲಿಯ ನಾತ.

"ಅಯ್ಯ, ಎಷ್ಟ್ ಏರಸ್ತೀರಿ ಆ ಹೊಲಸ? ಮೂಗs ಕೊಳತ ಹೋಗೇತಿ!" ಎಂದು ಅನ್ನಪೂರ್ಣಾ ಊಟದ ತಾಟನ್ನು ದೂರದಿಂದಲೇ ಸರಿಸಿದಳು.

"ತಪಕೀರ ಬಿಟ್ಟ ಭಾಳ ದಿನಾ ಆತವ್ವಾ. ವಾಸನೀನ ಹತ್ತೂದಿಲ್ಲ, ಏರಿಸಿ ಏನ್ ಮಾಡ್ಲಿ?" ಎಂದಳು ಮುದುಕಿ.

ಹಾಗಾದರೆ ಈ ಕಪ್ಪು ಯಾವುದು? ಅನ್ನಪೂರ್ಣಾ ಮೂಗಿಗೆ ಸೆರಗು ಒತ್ತಿ ಹತ್ತಿರ ಹೋದಳು. ಅತ್ತೆಯ ಒಂದು ಕಣ್ಣು ಉಬ್ಬಿ ಹೊರಗೆ ಬಂದಿತ್ತು. ಬಾಯೊಳಗೆ ಅಂಗುಳಿಗೆ ಇದ್ದಿಲು ಮೆತ್ತಿದಂತಿತ್ತು. ಅವಳು ಹಿತ್ತಲಿಗೆ ಓಡಿ ವಾಂತಿ ಮಾಡಿದಳು. ಬಾಯಿ ಒರೆಸಿಕೊಳ್ಳುತ್ತಲೇ ಗಾಡಿ ತರಲು ಗಂಡ ಕಾಡಪ್ಪನನ್ನು ಕೂಗಿದಳು.

"ಮೂಗಿನ ಹಿಂದಿನ ಪೊಳ್ಳಿನ್ಯಾಗ ಬೂಷ್ಟ ಬೆಳದೈತಿ," ಎಂದರು ಬೆಳಗಾವಿಯ ವೈದ್ಯರು. "ಸಕ್ಕರಿ ಏರಿ ಮೈಯಾಗ ಶಕ್ತಿ ಇಲ್ಲದವರನ್ನ ಎಲುಬ ಸೈತ ತಿಂತೈತಿ. ಇಷ್ಟ್ ದಿನಾ ಯಾರೂ ನೋಡ್ಲಿಲ್ಲೇನ್ರಿ?"

ನೋಡದಿದ್ದುದು ಹೇಸಿಗೆಗೆ ಎಂಬುದು ಅನ್ನಪೂರ್ಣಾಳಿಗಷ್ಟೇ ಗೊತ್ತಿತ್ತು. ಜೀವ ಉಳಿಯಿತು. ಶಸ್ತ್ರಕ್ರಿಯೆಯಲ್ಲಿ ಒಂದು ಕಣ್ಣು, ಅಂಗುಳು ಹೋದವು. ಅಂಗುಳಿನ ತೂತನ್ನು ದಿನಾ ತೊಳೆಯದಿದ್ದರೆ ಬೂಷ್ಟು ಮತ್ತೆ ಬಂದು ಜೀವಕ್ಕೇ ಕೈ ಹಾಕುತ್ತದೆಂದು ವೈದ್ಯರು ಎಚ್ಚರಿಸಿ ಕಳಿಸಿದರು.

ತೊಳೆಯುವ ಹೊತ್ತಿಗೆ ಕಾಡಪ್ಪನಿಗೆ ಹೊಲ ನೆನಪಾಗುತ್ತದೆ, ಹೆತ್ತ ಮಗ! ಅನ್ನಪೂರ್ಣಾ ಉಪ್ಪುನೀರು ಬಿಟ್ಟಳು. ಕೀವು, ರಕ್ತ, ರಾತ್ರಿ ಉಂಡ ಅನ್ನದ ಅಗುಳು ಎಲ್ಲ ಅವಳ ಕೈಮೇಲೆ ಇಳಿದವು. ಎದ್ದು ಹೋಗಿ ಕಾರಿಕೊಂಡು ಬಂದಳು.

"ಹೇಸಿಕಿ ಬರತೈತೇನ?" ಮುದುಕಿ ಮೂಗಿನಲ್ಲೇ ಕೇಳಿದಳು.

"ಬರತೈತ್ರಿ."

"ಬರಲೇಳು. ಮಾರಿ ಮಾತ್ರ ಆಕಡೆ ತಿರುಗಿಸಬ್ಯಾಡ," ಎಂದು ಸಿದ್ದಲಿಂಗವ್ವ ಬಾಯಿ ತೆರೆದಳು.