ಎರಡು ನಿಮಿಷದ ಸರದಿ

ಕಳೆದ ತಿಂಗಳು ಕಪಾಟಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಹಳೆಯ ವೈರುಗಳು, ಕೆಟ್ಟ ಮೌಸು, ಯಾವ ಕಂಪ್ಯೂಟರೂ ಓದದ ಸಿಡಿಗಳು... ಎಲ್ಲವನ್ನೂ ಗುಜರಿಗೆ ಕೊಟ್ಟು ಕೈತೊಳೆದುಕೊಳ್ಳುವ ಉತ್ಸಾಹದಲ್ಲಿ ಒಂದೊಂದಾಗಿ ತೆಗೆದು ನೆಲಕ್ಕೆ ಹಾಕುತ್ತಿದ್ದೆ. ತಳದಲ್ಲಿ ಆ ಕೀಬೋರ್ಡ್ ಸಿಕ್ಕಿತು. ಬಿಳಿಯಾಗಿದ್ದದ್ದು ಈಗ ಹಳದಿ. ಅದರ ಕೀಲಿಗಳ ಮೇಲೆ ಬ್ಯಾಂಡೇಜಿನ ಟೇಪನ್ನು ಚಿಕ್ಕ ಚಿಕ್ಕ ಚೌಕವಾಗಿ ಕತ್ತರಿಸಿ ಅಂಟಿಸಲಾಗಿತ್ತು, ಒಂದೊಂದರ ಮೇಲೂ ನೀಲಿ ಶಾಯಿಯಲ್ಲಿ ಕನ್ನಡದ ಒಂದೊಂದು ಅಕ್ಷರ. ಮೂಗಿನ ಹತ್ತಿರ ಹಿಡಿದೆ. ಆಸ್ಪತ್ರೆಯ ವಾಸನೆ ಇನ್ನೂ ಉಳಿದಿತ್ತೋ, ನನಗೆ ಹಾಗೆ ಅನ್ನಿಸಿತೋ ತಿಳಿಯದು. ಕಸದ ನಡುವೆ ಹಾಗೇ ಕೂತುಬಿಟ್ಟೆ.

ಆ ಅಕ್ಷರಗಳು ನಮ್ಮ ಎದುರುಮನೆಯ ಮಾಸ್ತರರದ್ದು.

ಹೊನ್ನಾವರದ ನಮ್ಮ ಕೇರಿಯಲ್ಲಿ ಅವರ ಗಂಟಲು ಗೊತ್ತಿಲ್ಲದವರಿರಲಿಲ್ಲ. ಶರಾವತಿಯ ನಡುಗಡ್ಡೆ ಮಾವಿನಕುರ್ವೆಯ ಶಾಲೆಗೆ ವರ್ಷಗಟ್ಟಲೆ ದೋಣಿಯಲ್ಲಿ ಹೋಗಿಬಂದು ನಿವೃತ್ತರಾದವರು. ಆದರೆ ಊರಿನಾಚೆ ಅವರ ಹೆಸರು ನಡೆಯುತ್ತಿದ್ದುದು ತಾಳಮದ್ದಳೆಯ ಅರ್ಥಧಾರಿ ಎಂದು. ಬಣ್ಣವಿಲ್ಲ, ಕಿರೀಟವಿಲ್ಲ, ಕಥೆ ನಡೆಸುವ ಭಾಗವತರು ಪದ ಹೇಳಿ ನಿಲ್ಲಿಸಿದೊಡನೆ, ಕೂತಲ್ಲೇ ಪಾತ್ರವಾಗಿಬಿಟ್ಟು ಎದುರಿಗೆ ಕೂತವರೊಂದಿಗೆ ವಾದಕ್ಕಿಳಿಯಬೇಕು. ಬರೆದಿಟ್ಟುಕೊಂಡ ಮಾತು ಒಂದೂ ಇಲ್ಲ. ಕುಮಟೆ, ಮಾವಳ್ಳಿ, ಭಟ್ಕಳ, ಎಲ್ಲಿ ಕೂಟವಿದ್ದರೂ ಅವರಿಗೆ ಕರೆ ಬರುತ್ತಿತ್ತು. ಕೊನೆಯಲ್ಲಿ ಸೋಲುವ ಪಕ್ಷದ ಪಾತ್ರಗಳು ಅವರಿಗೇ ಮೀಸಲು. ಸೋಲು ಕಥೆಯಲ್ಲೇ ಇದೆ, ಅದನ್ನು ಯಾರೂ ತಪ್ಪಿಸಲಾರರು. ಅಲ್ಲಿಗೆ ತಲುಪುವವರೆಗೆ ಗೆಲ್ಲುವವನ ಬೆವರಿಳಿಸುವುದು ಮಾಸ್ತರರ ಕೆಲಸ. ಅವರು ಬೆಳಿಗ್ಗೆ ಬಾವಿಯಿಂದ ನೀರು ಸೇದುತ್ತ ಕೊಡಪಾನದ ಜತೆ ನಡೆಸುತ್ತಿದ್ದ ವಾಗ್ವಾದ ನಮ್ಮ ಅಡುಗೆಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಅಂಥವರ ಗಂಟಲಿಗೇ ಕಾಯಿಲೆ ಬಂತು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನು ತೆಗೆದರು. ಜೀವ ಉಳಿಯಿತು... ತಿಂಗಳ ಮೇಲೆ ಆಟೋದಿಂದ ಇಳಿದಾಗ ಅವರ ಕತ್ತಿನ ಮುಂದೆ ಬಿಳಿ ಬಟ್ಟೆ, ಅದರ ನಾಲ್ಕೂ ಅಂಚಿಗೆ ಟೇಪು, ಕೈಯಲ್ಲಿ ಮಕ್ಕಳ ಸ್ಲೇಟು. ಕಾಗದ ಕೊಟ್ಟರೆ ಬೇಡವೆನ್ನುತ್ತಿದ್ದರಂತೆ. ಆಡಿದ ಮಾತು ಆಡಿದ ಮೇಲೆ ಹೋಗಿಬಿಡಬೇಕು, ಕಾಗದದ ಮೇಲೆ ಕೂತಿರಬಾರದು ಎಂದು ಅವರ ತರ್ಕ. ಆದರೆ ಆ ಸ್ಲೇಟಿನ ಮೇಲೂ 'ನೀರು', 'ಸಾಕು' ಬಿಟ್ಟರೆ ಬೇರೇನೂ ಮೂಡುತ್ತಿರಲಿಲ್ಲ. ಕೂಟಗಳಿಗೆ ಕೇಳುಗರಾಗಿಯಾದರೂ ಬನ್ನಿ ಎಂದು ಕರೆಯಲು ಬಂದವರನ್ನು ಕೈಮುಗಿದು ಕಳಿಸಿಬಿಟ್ಟರು. ಜಗಲಿಯ ಬಾಗಿಲು ಹಗಲಿನಲ್ಲೂ ಮುಚ್ಚಿರತೊಡಗಿತು.

ನಾನಾಗ ಬಜಾರಿನ ಮಹಡಿಯೊಂದರಲ್ಲಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಕಾಲೇಜಿನಲ್ಲಿ ನನ್ನ ಜತೆ ಓದಿದ ಭಟ್ಕಳದ ಗೆಳತಿಯೊಬ್ಬಳು ಮದುವೆಯಾಗಿ ದುಬೈ ಸೇರಿದ್ದಳು. ಅವಳ ಗಂಡನ ಆಫೀಸಿನವರು ಆಡುತ್ತಿದ್ದ ಒಂದು ಸಾಫ್ಟ್‌ವೇರಿನ ಹುಚ್ಚು ಅವಳಿಗೂ ಹತ್ತಿ, ನನಗೂ ಹತ್ತಿಸಿದಳು. ಪರದೆಯ ಮೇಲೆ ಒಂದು ಮೇಜು, ಮೇಜಿನ ಮೇಲೊಂದು ನಕಾಶೆ. ಬೇರೆ ಬೇರೆ ಊರಲ್ಲಿ ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ನಕಾಶೆಯಲ್ಲಿ ತಮ್ಮ ಬಿಲ್ಲೆಯನ್ನು ನಡೆಸಬೇಕು, ಪಕ್ಕದ ಚೌಕದಲ್ಲಿ ಟೈಪು ಮಾಡಿ ಮಾತಾಡಬೇಕು. ಹೊಡೆದಾಟ ಬಂದರೆ ಒಂದು ಗುಂಡಿ ಒತ್ತಿದರೆ ಸಾಕು, ದಾಳ ತಾನೇ ಉರುಳುತ್ತದೆ. ಒಬ್ಬರು ಮಾತ್ರ ಪಾತ್ರವಾಗದೆ ಕಥೆ ನಡೆಸಬೇಕು. ಅದು ನಾನು. ಕುಮಟೆಯಿಂದ ಚಿಕ್ಕಮ್ಮನ ಮಗ ಸೇರಿಕೊಂಡ. ಡಿಪ್ಲೊಮಾ ಓದುತ್ತಿದ್ದವನು ಸೈಬರ್ ಕೆಫೆಯಿಂದ ಆಡುತ್ತಿದ್ದ. ದುಬೈನಲ್ಲಿ ರಜೆಯೆಂದು ಶುಕ್ರವಾರ ಸಂಜೆ ಐದಕ್ಕೆ ಆಟ. ಯಾರಾದರೂ ಕ್ಲಾಸಿನ ಫೋನಿಗೆ ಕರೆ ಮಾಡಿದರೆ ಇಂಟರ್ನೆಟ್ಟು ಕಡಿದು ಎಲ್ಲರೂ ಮಾಯವಾಗುತ್ತಿದ್ದರು.

ಮೂರನೆಯ ಪಾತ್ರಕ್ಕೆ ಜನ ಬೇಕಿತ್ತು. ಬಾಯಿ ಬೇಡ, ಬೆರಳಿದ್ದರೆ ಸಾಕಾದ ಆಟ... ಹಾಗೆ ಅಂದುಕೊಳ್ಳುತ್ತಿರುವಾಗಲೇ ನನಗೆ ಮಾಸ್ತರರು ನೆನಪಾದರು. ಅವರ ಹೆಂಡತಿಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಮೊದಲು ಅವರ ಕಿವಿಗೆ ಹಾಕಿದೆ.

"ಕೇಳಿ ನೋಡು ಮಗಾ. ಊಟ ಬಡಿಸಿದ್ರೂ ಎಂತ ಹೇಳೂದಿಲ್ಲ, ಬಡಿಸದಿದ್ರೂ ಎಂತ ಹೇಳೂದಿಲ್ಲ. ಜಗಳ ಆಡೂಕಾದ್ರೂ ಒಂದು ಮಾತು ಬೇಕಲ್ದಾ?" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಮಾಸ್ತರರು ಕ್ಲಾಸಿಗೆ ಬಂದರು. ಬಗಲಲ್ಲಿ ಕೊಡೆ, ಸ್ಲೇಟು. ನಾನು ವಿವರಿಸಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ ಬರೆದರು: 'ಹಾಗಾದರೆ ಭಾಗವತಿಕೆ ನಿನ್ನದು.' ನನಗೆ ಆ ತನಕ ಹಾಗೆ ಹೊಳೆದಿರಲಿಲ್ಲ. ಪರದೇಶದವರ ಕೋಟೆ ಕೊತ್ತಲ ಬಿಡಿಸಲು ಬಾರದೆ ನಾನು ನಮ್ಮ ಶರಾವತಿ ಕಡಲು ಸೇರುವ ಅಳಿವೆಯನ್ನೇ ನಕಾಶೆ ಮಾಡಿದ್ದೆ. ಹಿಂದೆಂದೋ ನಡೆದಂಥ ಕಥೆ: ದ್ವೀಪದಲ್ಲಿ ಜನ ಜ್ವರದಿಂದ ನರಳುತ್ತಿದ್ದಾರೆ, ಮೂವರು ದೋಣಿಯಲ್ಲಿ ಔಷಧಿ ಒಯ್ಯುತ್ತಿದ್ದಾರೆ, ರಾಜಾಜ್ಞೆ ಇದೆಯೆಂದು ಅಳಿವೆಯ ಕಾವಲುಗಾರ ತಡೆದಿದ್ದಾನೆ. ಮಾಸ್ತರರು ಕನ್ನಡಕ ಏರಿಸಿ ನಕಾಶೆ ನೋಡಿ, ಮಾವಿನಕುರ್ವೆಯನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೀಯೆಂದು ಬೆರಳಲ್ಲೇ ತೋರಿಸಿ ಸರಿಮಾಡಿಸಿದರು.

ತೊಡಕಾಗಿದ್ದು ಟೈಪಿಂಗಿನಲ್ಲಿ. ಆ ಸಾಫ್ಟ್‌ವೇರಿಗೆ ಕನ್ನಡ ಕಾಣಿಸಲು ಬರುತ್ತಿರಲಿಲ್ಲ, ಬರೀ ಡಬ್ಬಿಗಳು ಮೂಡುತ್ತಿದ್ದವು. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಒತ್ತಬೇಕೆಂದಾಗ ಅವರ ಮುಖ ಗಂಟಾಯಿತು. ಎದ್ದು ಹೊರಟೇಬಿಟ್ಟರು. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮರುದಿನ ಬೆಳಿಗ್ಗೆ ಕ್ಲಾಸಿನ ಬಾಗಿಲು ತೆಗೆಯುವಾಗಲೇ ಅಲ್ಲಿ ನಿಂತಿದ್ದರು, ಕೈಯಲ್ಲಿ ತಮ್ಮ ಕತ್ತಿಗೆ ಅಂಟಿಸುವ ಟೇಪಿನ ಉಂಡೆ, ಕತ್ತರಿ, ಪೆನ್ನು. ಒಂದು ತಾಸು ಕೂತು ಕೀಲಿಗಳಿಗೆಲ್ಲ ಅಕ್ಷರ ಅಂಟಿಸಿದರು. ಪರದೆಯ ಮೇಲೆ ಮೂಡುವುದು ಇಂಗ್ಲಿಷೇ ಅಲ್ಲವೇ ಮಾಸ್ತರೇ ಎಂದರೆ ಸ್ಲೇಟಿನ ಮೇಲೆ ಬರೆದು ತೋರಿಸಿದರು: 'ಬೆರಳಿಗಾದರೂ ಕನ್ನಡ ಗೊತ್ತಿರಲಿ.'

ಆಟ ಶುರುವಾಯಿತು. ದೋಣಿ ಅಳಿವೆಗೆ ಬಂತು, ಕಾವಲುಗಾರ ಅಡ್ಡನಿಂತ. ಉಳಿದಿಬ್ಬರು ದಾಳ ಉರುಳಿಸಿ ಹೊಡೆಯಲು ತುದಿಗಾಲಲ್ಲಿದ್ದರು. ಮಾಸ್ತರರ ಸರದಿ ಬಂದಾಗ ಅವರು ದಾಳ ಮುಟ್ಟಲಿಲ್ಲ. ಒಂದೇ ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ, ಕಾವಲುಗಾರನನ್ನು ಪ್ರಶ್ನೆ ಕೇಳತೊಡಗಿದರು. ನೀನು ಯಾರು, ಈ ಆಜ್ಞೆಯನ್ನು ನಿನ್ನ ಕಿವಿಯಾರೆ ಕೇಳಿದೆಯೋ, ಕಾವಲು ಎಂದರೆ ಯಾರನ್ನು ಕಾಯುವುದು... ನಾನು ಕಕ್ಕಾಬಿಕ್ಕಿ. ಇಲ್ಲಿ ಹೊಡೆಯಬೇಕು ಮಾಸ್ತರೇ ಎಂದೆ. ಅವರು ನನ್ನತ್ತ ನೋಡಿದ ನೋಟ! ತಾಳಮದ್ದಳೆಯಲ್ಲಿ ಮಾತು ತೀರುವ ಮೊದಲು ಯಾರಾದರೂ ಬಿಲ್ಲು ಎತ್ತಿದ್ದುಂಟೇ? ಹಾಗಾಗಿ ನಾನೇ ಕಾವಲುಗಾರನಾಗಿ ಉತ್ತರ ಕೊಡಬೇಕಾಯಿತು. ನನ್ನ ಉತ್ತರಗಳನ್ನು ಅವರು ಪೊರಕೆಯ ಹಂಚಿಕಡ್ಡಿಯಂತೆ ಮುರಿದು ಹಾಕಿದರು. ಮುರಿದಾಗಲೆಲ್ಲ ಅವರ ಭುಜ ಕುಲುಕುತ್ತಿತ್ತು. ಸದ್ದಿಲ್ಲದ ಆ ನಗುವನ್ನು ನಾನು ಮೊದಲ ಬಾರಿಗೆ ನೋಡಿದ್ದು ಅಲ್ಲಿ. ಮನೆಯಲ್ಲೂ ಈಗ ಸ್ಲೇಟು ತುಂಬಿ ಜಗಳವಾಡುತ್ತಾರೆ ಎಂದು ದೊಡ್ಡಮ್ಮ ಹಬ್ಬ ಬಂದಂತೆ ಹೇಳಿಕೊಂಡು ತಿರುಗಿದರು.

ನಾಲ್ಕು ಶುಕ್ರವಾರ ಕಳೆದರೂ ದೋಣಿ ಒಂದು ಗೇಣು ಮುಂದೆ ಹೋಗಲಿಲ್ಲ. ಚಿಕ್ಕಮ್ಮನ ಮಗ ಫೋನು ಮಾಡಿ ರೇಗಿದ. "ಅಕ್ಕಾ, ಎಂತ ಆಟ ಇದು? ದೋಣಿ ಅಲ್ಲೇ ಅದೆ! ಅವ್ರು ಒಂದು ಸಾಲು ಒತ್ತೂದ್ರೊಳಗೆ ನಾ ಕುಮಟೆ ಪೇಟೆ ಸುತ್ತಿ ಬರ್ಬಹುದು."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನನಗೂ ಒಳಗೊಳಗೇ ಬೇಸರ ಬಂದಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಸಾಫ್ಟ್‌ವೇರಿನಲ್ಲಿ ಒಂದು ಅನುಕೂಲವಿತ್ತು, ಪ್ರತಿಯೊಬ್ಬರ ಸರದಿಗೂ ಇಷ್ಟೇ ಸಮಯವೆಂದು ಮಿತಿ ಹಾಕಬಹುದಿತ್ತು. ಎರಡು ನಿಮಿಷ ಹಾಕಿದೆ. ಮಾಸ್ತರರಿಗೆ ಮೊದಲೇ ಹೇಳಬೇಕಿತ್ತು. ಹೇಳಲು ಮುಖವಿಲ್ಲದೆ ಸುಮ್ಮನಿದ್ದೆ.

ಆ ಶುಕ್ರವಾರ ಅವರು ತಲೆಬಗ್ಗಿಸಿ ಕೀಲಿ ಹುಡುಕುತ್ತಿದ್ದರು. ಎರಡು ನಿಮಿಷ ತುಂಬಿತು. ಅವರು ಒತ್ತಿದಷ್ಟು ಮಾತ್ರ ಪರದೆಗೆ ಹೋಗಿ ಬಿತ್ತು: 'ನಿನ್ನ ಅರಸನಿಗೆ ಹೆದರುವ ನೀನು, ಆ ದಡದಲ್ಲಿ'. ಅಷ್ಟೇ. ಸರದಿ ಕುಮಟೆಗೆ ದಾಟಿತು. ದಾಳ ಉರುಳಿತು, ಕಾವಲುಗಾರ ಸತ್ತ, ದೋಣಿ ದಾಟಿತು. ಮಾಸ್ತರರು ತಲೆ ಎತ್ತಿದಾಗ ಎಲ್ಲ ಮುಗಿದಿತ್ತು. ಇನ್ನೂ ಒಂದೆರಡು ಕೀಲಿ ಒತ್ತಿ ನೋಡಿದರು, ಏನೂ ಮೂಡಲಿಲ್ಲ. ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಯಿತು. ಸ್ಲೇಟು ತೆಗೆದು 'ಆತು' ಎಂದು ಬರೆದು ಮೇಜಿನ ಮೇಲೆ ಅದನ್ನು ಹಾಗೇ ಬಿಟ್ಟು, ಕೊಡೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು.

ಒಮ್ಮೆ ವೈದ್ಯರ ಕತ್ತರಿ, ಇನ್ನೊಮ್ಮೆ ನನ್ನದು. ವೈದ್ಯರಾದರೋ ಜೀವ ಉಳಿಸಲು ಕತ್ತರಿಸಿದ್ದರು, ನಾನು ಒಂದು ದೋಣಿ ಮುಂದೆ ಹೋಗಲೆಂದು. ಎದುರುಮನೆಯ ಜಗಲಿ ಬಾಗಿಲು ಮತ್ತೆ ಮುಚ್ಚಿತು. ಸ್ಲೇಟನ್ನು ಹಿಂದಿರುಗಿಸಲು ಹೋಗುವ ಧೈರ್ಯವಾಗದೆ ಬ್ಯಾಗಿನಲ್ಲಿ ಇಟ್ಟುಕೊಂಡು ಕಳ್ಳಿಯಂತೆ ಓಡಾಡಿದೆ.

ಈ ಗಂಟು ಬಿಡಿಸಿದವಳು ಭಟ್ಕಳದ ಗೆಳತಿ. ದುಬೈನಿಂದ ಫೋನು ಮಾಡಿದಳು. "ಎರಡು ಜುಮ್ಮಾ ಆಯ್ತು, ಶುಕ್ರವಾರದ ಆಟಕ್ಕೆ ಮಾಸ್ತರ್ ಎಲ್ಲಿ? ಅವರ ಮಾತನ್ನ ನಾನು ಮನೆಯವರಿಗೆ ದಿನಾ ಓದಿ ಹೇಳ್ತಿದ್ದೆ. ನಿನ್ನ ದೋಣಿ ಯಾರಿಗೆ ಬೇಕಿತ್ತೇ? ಮೊದಲು ಆ ಕಾವಲುಗಾರನ್ನ ಬದುಕಿಸು" ಎಂದು ನನ್ನನ್ನು ಚೆನ್ನಾಗಿ ಬೈದಳು.

ಬದುಕಿಸುವುದೇನು ಕಷ್ಟ, ಬಿಲ್ಲೆಯನ್ನು ಎಳೆದು ಹಳೆಯ ಜಾಗದಲ್ಲಿಟ್ಟರೆ ಮುಗಿಯಿತು. ಕಷ್ಟವಾಗಿದ್ದು ಕೇರಿ ದಾಟುವುದು. ಸ್ಲೇಟು ಹಿಡಿದು ಹೋದೆ. ತಪ್ಪಾಯಿತು ಮಾಸ್ತರೇ ಎಂದೆ. ಅವರು ನನ್ನ ಕೈಯಿಂದ ಸ್ಲೇಟು ತೆಗೆದುಕೊಂಡು, 'ಆತು' ಅಳಿಸಿ ಬರೆದರು: 'ಅವನಿಗೆ ಉತ್ತರ ಕೊಡಲು ಬಿಡದೆ ಕೊಂದಿರಿ.'

ನನಗೆ ಅರ್ಥವಾಗಲಿಲ್ಲ. ನಾನು ಅವರ ಮಾತು ಕಡಿದದ್ದಕ್ಕೆ ಕ್ಷಮೆ ಕೇಳಲು ಹೋಗಿದ್ದೆ, ಅವರು ಕಾವಲುಗಾರನ ಪರವಾಗಿ ನೊಂದುಕೊಂಡಿದ್ದರು. ಒಳಗಿನಿಂದ ಒಂದು ನೋಟ್‌ಬುಕ್ ತಂದರು. ಕಾಗದವೇ ಬೇಡವೆಂದವರು ಹತ್ತಾರು ಪುಟ ತುಂಬಿಸಿದ್ದರು, ಎಲ್ಲವೂ ಕಾವಲುಗಾರನ ಉತ್ತರಗಳೇ. ದ್ವೀಪದ ಜ್ವರ ಈ ಕಡೆಗೆ ದಾಟಿದರೆ ಊರೇ ಹೋಗುತ್ತದೆ ಎಂಬ ಹೆದರಿಕೆಯಿಂದ ನಿಂತವನು ಅವನು. ಅವನ ಹೆಂಡತಿ ಮಕ್ಕಳೂ ಆ ದ್ವೀಪದಲ್ಲೇ ಇದ್ದಾರೆ. ಅಷ್ಟನ್ನು ನಾನು, ಅವನನ್ನು ಹುಟ್ಟಿಸಿದವಳು, ಯೋಚಿಸಿಯೇ ಇರಲಿಲ್ಲ. ಕೊನೆಗೆ ಮಾಸ್ತರರು ಬರೆದರು: 'ಇನ್ನು ಅವನ ಅರ್ಥ ನನಗಿರಲಿ.'

ಮುಂದಿನ ಶುಕ್ರವಾರ ಅವರೇ ಕಾವಲುಗಾರ. ನಾನು ಅವರು ಬಿಟ್ಟ ಜಾಗದಲ್ಲಿ ದೋಣಿಯೇರಿದೆ. ಸಮಯದ ಮಿತಿ ತೆಗೆದುಹಾಕಿದ್ದೆ. ಮೂವರೂ ಸೇರಿ ಒಬ್ಬರನ್ನು ಒಪ್ಪಿಸಲಾಗದೆ ವಾರಗಟ್ಟಲೆ ಸೋತೆವು. ಚಿಕ್ಕಮ್ಮನ ಮಗ ದಾಳದ ಸುದ್ದಿ ಬಿಟ್ಟು, ನಾಳೆ ಎಂತ ಹೇಳೂದು ಎಂದು ನನ್ನನ್ನು ಫೋನಿನಲ್ಲಿ ಕಾಡತೊಡಗಿದ.

ಗೆದ್ದದ್ದು ಗೆಳತಿ. ಅವಳು ತಾಯಿಯ ಮುಖ ನೋಡಿ ಮೂರು ವರ್ಷವಾಗಿತ್ತು. ಆ ಸಂಜೆ ಅವಳು ದುಬೈನಿಂದ ಕಳಿಸಿದ ಸಾಲು ನನಗೆ ಬಾಯಿಪಾಠವಾಗಿದೆ: 'ಆ ದಡದಲ್ಲಿ ಕಾಯುವವರಿಗೆ ನಿನ್ನ ಮನಸ್ಸು ಕಾಣುವುದಿಲ್ಲ ಕಾವಲುಗಾರ, ದೋಣಿ ಬಂತೋ ಇಲ್ಲವೋ ಅಷ್ಟೇ ಕಾಣುತ್ತದೆ.'

ಮಾಸ್ತರರು ಕೀಲಿಗಳ ಮೇಲಿಟ್ಟಿದ್ದ ಬೆರಳನ್ನು ತೆಗೆದರು. ಮೌಸು ಹಿಡಿದು ದೋಣಿಯನ್ನು ತಾವೇ ಎಳೆದು ಮಾವಿನಕುರ್ವೆಗೆ ಮುಟ್ಟಿಸಿದರು. ನನ್ನ ಕಡೆ ತಿರುಗಿ ಸ್ಲೇಟಿನಲ್ಲಿ ಬರೆದರು: 'ಸೋತೆ. ಚಂದ ಸೋತೆ.' ಭುಜ ಕುಲುಕುತ್ತಿತ್ತು. ಕಣ್ಣೂ ಒದ್ದೆಯಾಗಿತ್ತು.

ಮುಂದಿನ ಕಥೆಗೆ ನಕಾಶೆ ಬಿಡಿಸುತ್ತಿದ್ದಾಗಲೇ ಕಾಯಿಲೆ ತಿರುಗಿ ಬಂತು. ಈ ಸಲ ಕತ್ತರಿಸಲು ಏನೂ ಉಳಿದಿರಲಿಲ್ಲ... ನಾನು ನೋಡಲು ಹೋದಾಗಲೆಲ್ಲ ಬೆರಳಿನಿಂದ ಹೊದಿಕೆಯ ಮೇಲೆ ಒತ್ತಿ ತೋರಿಸುತ್ತಿದ್ದರು, ಆಟ ನಡೆಯುತ್ತಿದೆಯೇ ಎಂದು. ನಡೆಯುತ್ತಿದೆ ಎನ್ನುತ್ತಿದ್ದೆ. ಸುಳ್ಳು. ಅವರಿಲ್ಲದೆ ನಮಗ್ಯಾರಿಗೂ ಮನಸ್ಸಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಹೋಗಿಬಿಟ್ಟರು. ಆಡಿದ ಮಾತುಗಳೆಲ್ಲ ಕ್ಲಾಸಿನ ಕಂಪ್ಯೂಟರಿನಲ್ಲಿದ್ದವು, ಒಂದು ದಿನ ಅದೂ ಕೆಟ್ಟು ಎಲ್ಲ ಅಳಿಸಿಹೋಯಿತು. ಮಾತು ಆಡಿದ ಮೇಲೆ ಹೋಗಿಬಿಡಬೇಕು ಎಂದವರಿಗೆ ಅದು ಸರಿಕಂಡೀತು. ನನಗೆ ಇಂದಿಗೂ ಸರಿಕಂಡಿಲ್ಲ.

ಗುಜರಿಯವನು ಬಂದು ಪೆಟ್ಟಿಗೆ ಒಯ್ದ. ಕಂಪ್ಯೂಟರು ಕೆಟ್ಟಾಗ ಕ್ಲಾಸಿನಿಂದ ತಂದುಕೊಂಡಿದ್ದ ಕೀಬೋರ್ಡ್ ನನ್ನ ತೊಡೆಯ ಮೇಲೇ ಇತ್ತು. ಅದರ ದುಂಡು ಪಿನ್ನು ಈಗಿನ ಯಾವ ಕಂಪ್ಯೂಟರಿಗೂ ಕೂರುವುದಿಲ್ಲ. ಆದರೂ ಅವರಂತೆ ಒಂದೇ ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ ಒತ್ತಿದೆ: ನಿನ್ನ ಅರಸನಿಗೆ ಹೆದರುವ ನೀನು, ಆ ದಡದಲ್ಲಿ... ಗಡಿಯಾರ ನೋಡಿದೆ. ಅಷ್ಟಕ್ಕೇ ಎರಡು ನಿಮಿಷ ದಾಟಿತ್ತು. ಅಂದು ಆ ಮಾತು ತುಂಡಾದ ಮೇಲೆ ಎಷ್ಟೋ ಶುಕ್ರವಾರಗಳು ಅವರು ನನ್ನ ಪಕ್ಕದಲ್ಲೇ ಕೂತಿದ್ದರು, ಮಿತಿಯೂ ಇರಲಿಲ್ಲ. ಆ ವಾಕ್ಯವನ್ನು ಮುಗಿಸಿ ಮಾಸ್ತರೇ ಎಂದು ನಾನು ಒಮ್ಮೆಯೂ ಕೇಳಲಿಲ್ಲ.