ಜೊಂಡು ಕಿತ್ತ ಕೆರೆ

ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಗೊರೇಬಾಳದ ಕಡೆ ಹೋಗುವಾಗ ಭತ್ತದ ಗದ್ದೆಗಳ ಅಂಚಿಗೆ ಒಂದು ಸಣ್ಣ ಕೆರೆ ಸಿಗುತ್ತದೆ. ಕಾಲುವೆಯ ನೀರು ಗದ್ದೆಗಳನ್ನು ಹಾದು, ಗೊಬ್ಬರವನ್ನೂ ಹುಳಕ್ಕೆ ಹೊಡೆದ ಎಣ್ಣೆಯನ್ನೂ ತೊಳೆದುಕೊಂಡು ಅಲ್ಲಿ ಬಂದು ನಿಲ್ಲುತ್ತದೆ. ಕೆರೆಯ ಅಂಚಿನುದ್ದಕ್ಕೂ ಆಳೆತ್ತರದ ಜೊಂಡು. ಒಳಹರಿವಿನ ನೀರು ಅದರೊಳಗೆ ನುಸುಳಿಯೇ ಕೆರೆ ಸೇರಬೇಕು.

ರಸಾಯನಶಾಸ್ತ್ರ ಕಲಿಸುವ ಗೆಳೆಯ ಮತ್ತು ನಾನು ಹಲವು ಬೆಳೆಗಳ ಕಾಲ ಆ ನೀರನ್ನು ಪರೀಕ್ಷಿಸಿದೆವು. ಅವನ ಬೈಕಿನ ಹಿಂದೆ ಬಾಟಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು ನನ್ನ ಪಾಲಿನ ಕೆಲಸ. ಜೊಂಡಿಗೆ ಮುಂಚಿನ ನೀರಿನಲ್ಲಿದ್ದ ಗೊಬ್ಬರದ ಅಂಶ ಜೊಂಡು ದಾಟಿದ ಮೇಲೆ ಬಹಳ ಕಡಿಮೆಯಾಗುತ್ತಿತ್ತು. ಕೆರೆಯ ಕೆಳಗಿನ ಓಣಿಯವರು ಕುಡಿಯುವುದು ಈ ಕೆರೆಯಿಂದಲೇ ಬಸಿಯುವ ಬಾವಿಯ ನೀರು. ಹಾಗಾಗಿ ಜೊಂಡನ್ನು ಮುಟ್ಟಬೇಡಿ ಎಂದು ಬರೆದು ಕೆರೆ ಅಭಿವೃದ್ಧಿಯ ಎಂಜಿನಿಯರಿಗೆ ಕೊಟ್ಟೆವು. ಅವರು ಚಹಾ ತರಿಸಿ, ಬಾಯಿ ತುಂಬ ಹೊಗಳಿ ಕಳಿಸಿದರು.

ಬೇಸಿಗೆಯ ಒಂದು ಮುಂಜಾನೆ ಇಬ್ಬರೂ ಬಾಟಲಿ ಹಿಡಿದು ಹೋದರೆ ಕೆರೆಯ ಒಂದು ಬದಿ ಬೋಳಾಗಿತ್ತು. ಜೆಸಿಬಿ ಜೊಂಡನ್ನು ಬೇರುಸಮೇತ ಎತ್ತಿ ದಂಡೆಗೆ ಒಗೆಯುತ್ತಿತ್ತು. ಒಗೆದ ಗುಡ್ಡೆಯಲ್ಲಿ ನೀರುಕೋಳಿಯ ಗೂಡು ಮಗುಚಿಬಿದ್ದಿತ್ತು. ಮೊಟ್ಟೆಗಳು ಒಡೆದಿದ್ದವು. ನನಗೆ ಮೈಯೆಲ್ಲ ಉರಿಯಿತು.

ಫೋನ್ ಮಾಡಿದರೆ ಎಂಜಿನಿಯರ್ ತಣ್ಣಗೆ ಹೇಳಿದರು, "ನಿಮ್ಮ ವರದಿ ನೋಡೇ ಮಾಡಾಕತ್ತೀವ್ರಿ ಮೇಡಂ. ಜೊಂಡು ದಟ್ಟ ಬೆಳದೈತಿ ಅಂತ ನೀವೇ ಬರ್ದೀರಲ್ಲ. ಅದನ್ನ ತಗದು, ಸುತ್ತ ಕಾಂಕ್ರೀಟ್ ಹಾಕಿ, ವಾಕಿಂಗ್ ದಾರಿ ಮಾಡ್ತೀವಿ."

ಅದನ್ನು ಮುಟ್ಟಬೇಡಿ ಎಂಬ ಮುಂದಿನ ಸಾಲನ್ನು ಅವರು ಓದಿಯೇ ಇರಲಿಲ್ಲವೇ? ಗೆಳೆಯನನ್ನು ಕೇಳಿದೆ. ಅವನು ಬೈಕಿನಿಂದ ಇಳಿಯದೆ ಹೇಳಿದ, "ಓದ್ಯಾರ. ಬೇಕಾದಷ್ಟು ಓದಿ ಉಳಿದದ್ದು ಬಿಟ್ಟಾರ."

ನಾನು ಹೋಗಿ ಜೆಸಿಬಿಯ ಮುಂದೆ ಕೆಸರಿನಲ್ಲೇ ನಿಂತೆ. ಚಾಲಕ ಎಂಜಿನ್ ಬಂದ್ ಮಾಡಿ, "ನಾ ಹೇಳಿದ್ದು ಮಾಡಾಂವ್ರಿ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ" ಎಂದ. ಅವನ ಮೇಲೆ ಸಿಟ್ಟಿರಲಿಲ್ಲ. ಸದ್ದು ನಿಂತದ್ದು ಗಮನಿಸಿ ಕೆಳಗಿನ ಓಣಿಯ ಹೆಂಗಸರು ಕೊಡ ಹಿಡಿದೇ ಬಂದರು. ಜೊಂಡು ಹೋದರೆ ಬಾವಿಗೆ ಏನಾಗುತ್ತದೆ ಎಂದು ಗೆಳೆಯ ಅವರಿಗೆ ವಿವರಿಸಿದ. ಹಿರಿಯಳೊಬ್ಬಳು ಕೊಡವನ್ನು ನನ್ನ ಪಕ್ಕದಲ್ಲಿಟ್ಟು ದಂಡೆಯ ಮೇಲೆ ಕುಳಿತಳು. ಉಳಿದವರೂ ಕುಳಿತರು. ಮಧ್ಯಾಹ್ನ ಎಂಜಿನಿಯರ್ ಬಂದಾಗ ಆಕೆ ಎದ್ದೇಳಲಿಲ್ಲ.

"ಸಾಹೇಬ್ರ, ನಮಗ ತಿರುಗಾಡಾಕ ದಾರಿ ಬ್ಯಾಡ್ರಿ. ಕುಡಿಯಾಕ ನೀರು ಬೇಕು."

ಜೊಂಡು ಕೀಳುವುದು ನಿಂತಿತು. ಆದರೆ ಅಷ್ಟರಲ್ಲೇ ಬೋಳಾಗಿದ್ದ ಬದಿಗೆ ಕೆಲವೇ ದಿನಗಳಲ್ಲಿ ಕಾಂಕ್ರೀಟ್ ಬಿತ್ತು.

ಮುಂದಿನ ಬೆಳೆಯಲ್ಲಿ ಎರಡೂ ಬದಿಯ ನೀರನ್ನು ಪಂಚಾಯಿತಿಯ ಸಭೆಗೆ ಒಯ್ದೆವು. ಗೊಬ್ಬರದ ಅಂಶ ಹೆಚ್ಚಿದ್ದಷ್ಟೂ ನೀರನ್ನು ಗುಲಾಬಿಯಾಗಿಸುವ ಔಷಧಿಯ ಹನಿಯನ್ನು ಗೆಳೆಯ ಎಲ್ಲರೆದುರು ಬಿಟ್ಟ. ಕಾಂಕ್ರೀಟ್ ಬದಿಯ ನೀರು ಕಡುಗುಲಾಬಿಗೆ ತಿರುಗಿತು, ಜೊಂಡಿನ ಬದಿಯದು ಬಣ್ಣ ಹಿಡಿದೂ ಹಿಡಿಯದಂತಿತ್ತು. ಎಂಜಿನಿಯರ್ ಕನ್ನಡಕ ಒರೆಸುತ್ತ, "ಹಂಗಾದ್ರ ಜೊಂಡು ಮತ್ತ ನೆಡೋಣಲ್ರಿ" ಎಂದರು. ಅವರಿಗೆ ಅದು ಅಷ್ಟು ಸುಲಭ. ಕೀಳುವುದೂ ಒಂದು ಕಾಮಗಾರಿ, ನೆಡುವುದೂ ಒಂದು ಕಾಮಗಾರಿ.

ನೆಟ್ಟವರು ನಾವು. ಓಣಿಯ ಹೆಂಗಸರೊಡನೆ ಮೊಣಕಾಲುದ್ದ ಕೆಸರಿಗಿಳಿದು, ಉಳಿದ ಬದಿಯಿಂದ ಗಡ್ಡೆ ಕಿತ್ತು, ಕಾಂಕ್ರೀಟಿನ ಮುಂದಿನ ಕೆಸರಿಗೆ ಊರಿದೆವು. ಕೆಲವು ಕೊಳೆತವು, ಹೆಚ್ಚಿನವು ಚಿಗುರಿದವು. ಬಾವಿಯ ನೀರು ನಿಧಾನವಾಗಿ ಸುಧಾರಿಸುತ್ತಿದೆ.

ಈಗ ಅಲ್ಲಿ ಒಂದು ಫಲಕವಿದೆ, ಕೆರೆ ಪುನಶ್ಚೇತನಗೊಂಡಿದೆ ಎಂದು. ಉದ್ಘಾಟನೆಗೆ ನನ್ನನ್ನೂ ಕರೆದು ಶಾಲು ಹೊದಿಸಲು ಬಂದರು. ಮೈಕಿನ ಮುಂದೆ ನಿಂತು, ಈ ಕೆರೆಯನ್ನು ಕೆಡಿಸಿದವರು ಯಾರೆಂದು ಫಲಕದಲ್ಲಿ ಯಾಕೆ ಬರೆದಿಲ್ಲ ಎಂದು ಕೇಳಿದೆ. ಮೈಕ್ ಆಫ್ ಆಯಿತು. ನಾನು ಶಾಲು ಮುಟ್ಟದೆ ಕೆಳಗಿಳಿದೆ. ನಾವು ನೆಟ್ಟ ಬದಿಗೆ ನೀರುಕೋಳಿ ಇನ್ನೂ ಗೂಡು ಕಟ್ಟಿಲ್ಲ.